ಅಂಗಿಯ ಒಳಪದರದಲ್ಲಿ ಉಳಿದ ಕೃಪೆ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಹವಾಮಾನ ವರದಿಗಳಲ್ಲಿ ಹೆಕ್ಟೊಪ್ಯಾಸ್ಕಲ್ ಎಂಬ ಮಾನದ ಹೆಸರು ಕಾಣಿಸಿಕೊಳ್ಳುತ್ತದೆ. ಭೌತಶಾಸ್ತ್ರದ ಅಧ್ಯಾಪಕನಾಗಿದ್ದ ನನಗೆ ಪ್ಯಾಸ್ಕಲ್ ಎಂದರೆ ಬಹುಕಾಲ ಒಂದು ನಿಯಮ, ಒಂದು ಏಕಮಾನ ಮಾತ್ರ. ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂದು ಕಲಿಸಿ, ಗಂಟೆ ಬಾರಿಸುವ ಮೊದಲು ಉಳಿಯುತ್ತಿದ್ದ ಐದು ನಿಮಿಷಗಳಲ್ಲಿ ಬ್ಲೇಸ್ ಪ್ಯಾಸ್ಕಲ್‌ನ ಪ್ರಸಿದ್ಧ ಪಂಥವನ್ನೂ ಹೇಳುತ್ತಿದ್ದೆ. ದೇವರಿದ್ದಾನೆಂದು ಪಣ ಕಟ್ಟಿ ಗೆದ್ದರೆ ಲಾಭ ಅನಂತ, ಸೋತರೆ ನಷ್ಟ ಅಲ್ಪ ಎಂಬ ಆ ತರ್ಕಕ್ಕೆ ವಿದ್ಯಾರ್ಥಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಶ್ರದ್ಧೆಯನ್ನು ಲಾಭನಷ್ಟದ ಲೆಕ್ಕಕ್ಕೆ ಇಳಿಸಿದವನೆಂದೇ ಅವನನ್ನು ಬಗೆದಿದ್ದೆ. ನಿವೃತ್ತಿಯ ನಂತರ ಅವನ ಬದುಕನ್ನು ಓದಿದಾಗ, ನಾನು ಅವನಿಗೆ ಅನ್ಯಾಯ ಮಾಡಿದ್ದೆನೆಂದು ಅರಿವಾಯಿತು.

1623ರಲ್ಲಿ ಫ್ರಾನ್ಸಿನ ಕ್ಲೆರ್ಮೊಂ ಎಂಬ ಊರಿನಲ್ಲಿ ಹುಟ್ಟಿದ ಪ್ಯಾಸ್ಕಲ್ ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ. ತಂದೆಯೇ ಅವನಿಗೆ ಗುರು. ಹದಿನಾರರ ಹರೆಯದಲ್ಲಿ ಶಂಕುಚ್ಛೇದಗಳನ್ನು ಕುರಿತು ಪ್ರಬಂಧ ಬರೆದ. ತೆರಿಗೆ ಅಧಿಕಾರಿಯಾಗಿದ್ದ ತಂದೆ ಲೆಕ್ಕಪತ್ರಗಳಲ್ಲಿ ಬಳಲುವುದನ್ನು ಕಂಡು 1642ರಲ್ಲಿ ಕೂಡುವ ಕಳೆಯುವ ಯಂತ್ರವೊಂದರ ನಿರ್ಮಾಣಕ್ಕೆ ತೊಡಗಿದ. 1648ರಲ್ಲಿ ಅವನ ಸೂಚನೆಯಂತೆ ಅವನ ಭಾವ ಪಾದರಸದ ನಳಿಕೆಯನ್ನು ಪ್ವಿ ದ ದೋಮ್ ಬೆಟ್ಟದ ನೆತ್ತಿಗೆ ಒಯ್ದರು. ಎತ್ತರದಲ್ಲಿ ಪಾದರಸದ ಮಟ್ಟ ಕೆಳಗಿಳಿದು, ಗಾಳಿಗೆ ಭಾರವಿದೆಯೆಂಬುದಕ್ಕೆ ಕಣ್ಣಿಗೆ ಕಾಣುವ ಪುರಾವೆ ದೊರೆಯಿತು. 1654ರಲ್ಲಿ ಗಣಿತಜ್ಞ ಫರ್ಮಾನೊಡನೆ ನಡೆಸಿದ ಪತ್ರವ್ಯವಹಾರ ಸಂಭವನೀಯತೆಯ ಶಾಸ್ತ್ರಕ್ಕೆ ತಳಹದಿಯಾಯಿತು. ಪ್ರಕೃತಿಯ ವಿಷಯದಲ್ಲಿ ಹಿರಿಯರು ಹೇಳಿದರೆಂಬ ಮಾತ್ರಕ್ಕೆ ಒಪ್ಪದೆ, ಅಳೆದು ನೋಡಿ ನಂಬುವವನು ಅವನು.

ಇದರ ನಡುವೆಯೇ ಇನ್ನೊಂದು ಕತೆ ನಡೆಯುತ್ತಿತ್ತು. 1646ರಲ್ಲಿ ತಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರು. ಶುಶ್ರೂಷೆಗೆ ಬಂದ ಇಬ್ಬರು ಸೋದರರು ಜಾನ್ಸನ್ ಎಂಬ ಬಿಷಪರ ವಿಚಾರಗಳಿಗೆ ಒಲಿದವರಾಗಿದ್ದು, ಆ ಬೋಧನೆಯನ್ನು ಕುಟುಂಬಕ್ಕೆ ಪರಿಚಯಿಸಿದರು. ಮನುಷ್ಯನು ಸ್ವಂತ ಬಲದಿಂದ ದೇವರ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಾರ. ಮೊದಲು ಕೃಪೆ ಇಳಿದು ಬರಬೇಕು ಎಂಬುದು ಅದರ ತಿರುಳು. 1652ರಲ್ಲಿ ತಂಗಿ ಜಾಕ್ಲೀನ್ ಇದೇ ವಿಚಾರದ ನೆಲೆಯಾಗಿದ್ದ ಪೋರ್ ರೊಯಾಲ್ ಮಠವನ್ನು ಸೇರಿದಳು. ತಂದೆಯನ್ನು ಕಳೆದುಕೊಂಡಿದ್ದ ಅಣ್ಣನಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಅವನೇ ಅವಳ ಬಳಿ ಹೋಗಿ, ಲೋಕದ ಬಗ್ಗೆ ಜುಗುಪ್ಸೆ ಹುಟ್ಟಿದ್ದರೂ ದೇವರ ಕಡೆಗೆ ಸೆಳೆತವೇ ಇಲ್ಲವೆಂದು ಅಳಲನ್ನು ತೋಡಿಕೊಂಡ. ಬುದ್ಧಿಯೆಲ್ಲ ಒಪ್ಪಿದ ಮೇಲೂ ಹೃದಯ ಬರಡಾಗಿಯೇ ಇರಬಹುದೆಂಬುದನ್ನು ಅವನು ತನ್ನಲ್ಲೇ ಕಂಡುಕೊಂಡಿದ್ದ.

1654ರ ನವೆಂಬರ್ 23ರ ರಾತ್ರಿ, ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, ಅವನಿಗೆ ಒಂದು ಅನುಭವವಾಯಿತು. ಏನಾಯಿತೆಂದು ಅವನು ವಿವರಿಸಲಿಲ್ಲ. ದಿನಾಂಕ, ವೇಳೆಗಳನ್ನು ಪ್ರಯೋಗಾಲಯದ ಟಿಪ್ಪಣಿಯಂತೆ ಕರಾರುವಾಕ್ಕಾಗಿ ಗುರುತಿಸಿ, ತುಂಡು ತುಂಡು ಪದಗಳಲ್ಲಿ ಬೆಂಕಿ, ಆನಂದ, ಕಣ್ಣೀರುಗಳನ್ನು ದಾಖಲಿಸಿದ. ತನಗೆ ಗೋಚರನಾದವನು ತತ್ತ್ವಜ್ಞಾನಿಗಳು ತರ್ಕದಿಂದ ಕಟ್ಟಿದ ದೇವರಲ್ಲ, ಬೈಬಲ್ಲಿನ ಪಿತಾಮಹರಿಗೆ ತಾನಾಗಿಯೇ ಕಾಣಿಸಿಕೊಂಡವನು ಎಂಬುದು ಆ ಟಿಪ್ಪಣಿಯ ಸಾರ.

ಈ ಬೆಳಕಿನಲ್ಲಿ ನೋಡಿದಾಗ ನಾನು ನಗುತ್ತಿದ್ದ ಪಂಥದ ಅರ್ಥವೇ ಬೇರೆಯಾಗುತ್ತದೆ. ಅವನು ಪೂರ್ಣಗೊಳಿಸದೆ ಬಿಟ್ಟುಹೋದ, 1670ರಲ್ಲಿ ಪಾಂಸೆ ಎಂಬ ಹೆಸರಿನಲ್ಲಿ ಪ್ರಕಟವಾದ ಟಿಪ್ಪಣಿಗಳಲ್ಲಿ ಅದೂ ಒಂದು. ಅದು ದೇವರನ್ನು ಸಾಧಿಸಿ ತೋರಿಸುವ ಪ್ರಮೇಯವಲ್ಲ. ನಂಬುವುದು ಅವಿವೇಕವೆನ್ನುವವನಿಗೆ ಅವನ ತಡೆ ಇರುವುದು ವಿವೇಕದಲ್ಲಲ್ಲ, ಅಭ್ಯಾಸದಲ್ಲಿ ಮತ್ತು ಮೋಹದಲ್ಲಿ ಎಂದು ತೋರಿಸುವುದಷ್ಟೇ ಅದರ ಕೆಲಸ. ತರ್ಕ ಬಾಗಿಲ ಮುಂದಿನ ಕಸವನ್ನು ಗುಡಿಸಬಲ್ಲದು, ಅತಿಥಿಯನ್ನು ಕರೆತರಲಾರದು. ಶ್ರದ್ಧೆ ದೇವರು ಕೊಡುವ ದಾನವೇ ಹೊರತು ವಾದದ ಫಲಿತಾಂಶವಲ್ಲ ಎಂಬ ನಿಲುವನ್ನು ಅವನು ಕೊನೆಯವರೆಗೂ ಬಿಡಲಿಲ್ಲ.

ಆದರೆ ಈ ನಿಲುವಿನಲ್ಲಿ ಒಂದು ಮುಳ್ಳಿದೆ. ಕೃಪೆ ದಾನವೇ ಆದರೆ ಅದು ದೊರೆಯದವನ ತಪ್ಪೇನು? ಅಂದಿನ ಫ್ರಾನ್ಸಿನ ಧಾರ್ಮಿಕ ಕಲಹದ ಕೇಂದ್ರದಲ್ಲಿದ್ದುದು ಈ ಪ್ರಶ್ನೆಯೇ. ಮನುಷ್ಯನ ಇಚ್ಛೆಗೂ ಪಾತ್ರವಿದೆಯೆಂದು ಜೆಸ್ಯೂಟರು ವಾದಿಸಿದರು. ಜಾನ್ಸನ್‌ರ ಗ್ರಂಥದಿಂದ ತೆಗೆದವೆನ್ನಲಾದ ಐದು ವಾಕ್ಯಗಳನ್ನು ಪೋಪರು 1653ರಲ್ಲಿ ಖಂಡಿಸಿದರು. ಪ್ಯಾಸ್ಕಲ್ 1656-57ರಲ್ಲಿ ಗುಪ್ತನಾಮದಲ್ಲಿ ಹದಿನೆಂಟು ಪತ್ರಗಳನ್ನು ಬರೆದು ಪೋರ್ ರೊಯಾಲಿನ ಪರವಾಗಿ ಹೋರಾಡಿದ. 1661ರಲ್ಲಿ ಖಂಡನೆಯ ಪತ್ರಕ್ಕೆ ಸಹಿ ಮಾಡಬೇಕೆಂಬ ಒತ್ತಾಯ ಮಠದ ಮೇಲೆ ಬಂದಾಗ, ಜಾಕ್ಲೀನ್ ಮನಸ್ಸಾಕ್ಷಿಗೆ ವಿರುದ್ಧವಾಗಿ ಸಹಿ ಹಾಕಿ, ಅದೇ ವರ್ಷ ತೀರಿಕೊಂಡಳು. ಆ ಮುಳ್ಳನ್ನು ಅವನ ಬರಹಗಳು ಕಿತ್ತವೆಂದು ನನಗೆ ಅನಿಸುವುದಿಲ್ಲ. ಕೃಪೆಯ ಅನುಭವವಿಲ್ಲದ ನನ್ನಂಥವನಿಗೆ ಅದು ಇಂದಿಗೂ ಚುಚ್ಚುತ್ತದೆ.

ಉತ್ತರದ ಬದಲು ನನಗೆ ಸಿಕ್ಕಿದ್ದು ಅವನ ಕೊನೆಯ ದಿನಗಳು. 1662ರಲ್ಲಿ ಪ್ಯಾರಿಸ್ಸಿನಲ್ಲಿ ಐದು ಸೂ ಕೊಟ್ಟು ಪಯಣಿಸಬಹುದಾದ ಕುದುರೆಗಾಡಿಗಳ ವ್ಯವಸ್ಥೆಯನ್ನು ಗೆಳೆಯರೊಡನೆ ಆರಂಭಿಸಿದ; ಅದರಿಂದ ಬರುವ ಹಣ ಬಡವರಿಗೆ ಸಲ್ಲಬೇಕೆಂಬುದು ಅವನ ಆಸೆ. ತನ್ನ ಮನೆಯಲ್ಲಿ ಆಶ್ರಯ ಕೊಟ್ಟಿದ್ದ ಬಡ ಕುಟುಂಬದ ಮಗುವೊಂದಕ್ಕೆ ಸಿಡುಬು ತಗುಲಿದಾಗ, ಮಗುವನ್ನು ಕದಲಿಸಲು ಒಪ್ಪದೆ, ಕಾಯಿಲೆಯಿಂದ ನರಳುತ್ತಿದ್ದ ತಾನೇ ಮನೆಬಿಟ್ಟು ಅಕ್ಕನ ಮನೆಗೆ ಹೋದ. ಅಲ್ಲಿಯೇ ಆಗಸ್ಟ್ 19ರಂದು, 39ನೆಯ ವಯಸ್ಸಿನಲ್ಲಿ ತೀರಿಕೊಂಡ.

ಕೆಲವು ದಿನಗಳ ಅನಂತರ ಸೇವಕನೊಬ್ಬನಿಗೆ ಅವನ ಮೇಲಂಗಿಯ ಒಳಪದರ ಉಬ್ಬಿದಂತೆ ಕಂಡಿತು. ಹೊಲಿಗೆ ಬಿಚ್ಚಿದಾಗ ಸಿಕ್ಕಿದ್ದು ಆ ರಾತ್ರಿಯ ಟಿಪ್ಪಣಿ. ಸುಮಾರು ಎಂಟು ವರ್ಷ, ಅಂಗಿ ಬದಲಾದಾಗಲೆಲ್ಲ ಅದನ್ನು ಬಿಚ್ಚಿ ಮತ್ತೆ ಹೊಲಿದುಕೊಳ್ಳುತ್ತಿದ್ದ. ಸಂಪಾದಿಸಿದ್ದನ್ನು ಮೆರೆಸಬಹುದು, ಅರ್ಹತೆಯಿಲ್ಲದೆ ದೊರೆತದ್ದನ್ನು ಹೇಗೆ ಮೆರೆಸುವುದು? ದೇವರ ಹೆಸರನ್ನು ಬೀದಿಯಲ್ಲಿ ಎತ್ತರದ ದನಿಯಲ್ಲಿ ಕೂಗುವ ನಮ್ಮ ಕಾಲಕ್ಕೆ ಆ ಮೌನವೇ ಒಂದು ಪಾಠ.

ಈಗ ನನ್ನೆದುರು ತರಗತಿಯಿಲ್ಲ. ಇದ್ದಿದ್ದರೆ, ಉಳಿದ ಆ ಐದು ನಿಮಿಷಗಳಲ್ಲಿ ಪಂಥದ ಬದಲು ಈ ಅಂಗಿಯ ಕತೆಯನ್ನು ಹೇಳುತ್ತಿದ್ದೆ.