ಬಾಲಚುಕ್ಕಿಯ ಬೆಳಕು ಮತ್ತು ಡಾ. ವೈನು ಬಪ್ಪು

ನಮ್ಮ ಹಿರಿಯರು ಧೂಮಕೇತುವನ್ನು ಬಾಲಚುಕ್ಕಿ ಎನ್ನುತ್ತಿದ್ದರು. ಅದು ಕಂಡರೆ ನಾಡಿಗೆ ಕೇಡು ಎಂದು ಹೆದರುತ್ತಿದ್ದರು. ಆ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. 2025ರ ಜುಲೈ 1ರಂದು ಸೌರಮಂಡಲದ ಆಚೆಯಿಂದ ಬಂದ 3ಐ/ಅಟ್ಲಾಸ್ ಪತ್ತೆಯಾದಾಗ, ಅದು ಅನ್ಯಗ್ರಹದವರ ನೌಕೆ ಎಂಬ ವದಂತಿಯೂ ಹಬ್ಬಿತು. ಈ ಸಂದರ್ಭದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ಡಾ. ವೈನು ಬಪ್ಪು ಅವರನ್ನು ನಾವು ಸ್ಮರಿಸುವುದು ಉಚಿತ.

ಬಪ್ಪು ಜನಿಸಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಉದ್ಯೋಗಿ. ಹಾಗಾಗಿ ಬಾಲ್ಯದಿಂದಲೇ ಮಗನಿಗೆ ಆಕಾಶದ ನಂಟು. 1949ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ, 21ನೆಯ ವಯಸ್ಸಿನಲ್ಲಿ, ತಾವು ತೆಗೆದ ಆಕಾಶದ ಚಿತ್ರದಲ್ಲಿ ಹೊಸ ಧೂಮಕೇತುವೊಂದನ್ನು ಕಂಡರು. ಅದಕ್ಕೆ ಬಪ್ಪು-ಬಾಕ್-ನ್ಯೂಕರ್ಕ್ ಎಂದು ಹೆಸರಾಯಿತು.

ಬೆಳಕನ್ನು ಕಾಮನಬಿಲ್ಲಿನಂತೆ ಬಣ್ಣಗಳಾಗಿ ಬಿಡಿಸಿದರೆ ಒಂದೊಂದು ಅನಿಲವೂ ತನ್ನದೇ ಗೆರೆ ತೋರುತ್ತದೆ. 19ನೆಯ ಶತಮಾನದಲ್ಲಿ ರೋಮಿನ ಯೇಸುಸಭೆಯ ಗುರು ಆಂಜೆಲೊ ಸೆಕ್ಕಿ ನಕ್ಷತ್ರಗಳನ್ನು ವರ್ಗೀಕರಿಸಿದ್ದು ಈ ವಿಧಾನದಿಂದಲೇ. ಬಪ್ಪು ಅದೇ ದಾರಿ ಹಿಡಿದರು. 1957ರಲ್ಲಿ ಅವರು ಮತ್ತು ಓಲಿನ್ ವಿಲ್ಸನ್, ಕ್ಯಾಲ್ಸಿಯಂ ಗೆರೆಯ ಅಗಲದಿಂದ ನಕ್ಷತ್ರದ ನಿಜವಾದ ಪ್ರಕಾಶವನ್ನು ಅಳೆಯಬಹುದೆಂದು ತೋರಿಸಿಕೊಟ್ಟರು.

1960ರಲ್ಲಿ ಅವರು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅಲ್ಲಿ ರಾತ್ರಿ ಮೋಡದ ಕಾಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬಾಂಧವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅಲ್ಲಿ ನಕ್ಷತ್ರ ಕಾಣುವುದೇ ಅಪರೂಪ. ಬಪ್ಪು ತಿಳಿಯಾದ ಆಕಾಶವನ್ನು ಹುಡುಕಿ ತಮಿಳುನಾಡಿನ ಕಾವಲೂರನ್ನು ಆರಿಸಿದರು. 1971ರಲ್ಲಿ ಖಭೌತ ಸಂಸ್ಥೆ ಸ್ವಾಯತ್ತವಾಯಿತು. 2.34 ಮೀಟರ್ ವ್ಯಾಸದ ದೂರದರ್ಶಕವನ್ನು ನಮ್ಮ ದೇಶದಲ್ಲೇ ನಿರ್ಮಿಸಬೇಕೆಂಬುದು ಅವರ ಹಂಬಲ. ಅದು ಮುಗಿಯುವ ಮೊದಲೇ, 1982ರ ಆಗಸ್ಟ್ 19ರಂದು ಅವರು ಮ್ಯೂನಿಕ್‌ನಲ್ಲಿ ನಿಧನರಾದರು. 1986ರಲ್ಲಿ ದೂರದರ್ಶಕ ಅವರ ಹೆಸರಿನಲ್ಲೇ ಉದ್ಘಾಟನೆಗೊಂಡಿತು.

ಅವರ ಸಂಸ್ಥೆ ಮುಂದೆ ಲಡಾಖಿನ ಹಾನ್ಲೆಯಲ್ಲಿ 2 ಮೀಟರಿನ ದೂರದರ್ಶಕ ಸ್ಥಾಪಿಸಿತು. ಅದನ್ನು ನಡೆಸುವುದು ಬೆಂಗಳೂರು ಬಳಿಯ ಹೊಸಕೋಟೆಯಿಂದ. 2019ರಲ್ಲಿ ಬೇರೊಂದು ನಕ್ಷತ್ರದ ಕಡೆಯಿಂದ ಬಂದ ಬೊರಿಸೊವ್ ಧೂಮಕೇತುವಿನ ಬೆಳಕನ್ನು ಭಾರತೀಯ ವಿಜ್ಞಾನಿಗಳು ಅದರ ಮೂಲಕ ಬಿಡಿಸಿ ನೋಡಿದರು. ನಮ್ಮ ಧೂಮಕೇತುಗಳಲ್ಲಿರುವ ಇಂಗಾಲ, ಸಯನೋಜನ್ ಗುರುತುಗಳೇ ಅಲ್ಲೂ ಕಂಡವು. ಅಷ್ಟು ದೂರದ ಅಪರಿಚಿತನೂ ಒಬ್ಬನೇ ಸೃಷ್ಟಿಕರ್ತನ ಕೈಕೆಲಸವೆಂದು ವಿಶ್ವಾಸಿಗಳಾದ ನಾವು ಕಾಣುತ್ತೇವೆ.

ಅಡಿಕೆ ಸಸಿ ನೆಡುವ ಮಲೆನಾಡಿನ ಹಿರಿಯ ಮೊಮ್ಮಕ್ಕಳ ಕಾಲವನ್ನು ನೆನೆದು ನೆಡುತ್ತಾನೆ. ಬಪ್ಪು ಅವರ ದುಡಿಮೆಯೂ ಅಂಥದ್ದೇ. ಮಳೆ ನಿಂತ ಮೇಲೆ ನಮ್ಮ ಧರ್ಮಕೇಂದ್ರಗಳ ಮಕ್ಕಳನ್ನು ಒಂದು ರಾತ್ರಿ ಅಂಗಳಕ್ಕೆ ಕರೆದು ಆಕಾಶ ತೋರಿಸೋಣ. ಹೆದರಿಕೆಯ ಬದಲು ಬೆರಗನ್ನು ಅವರಿಗೆ ಬಿಟ್ಟುಹೋಗೋಣ.