ಭಾರತಕ್ಕೆ ಹೊರಟ ಭಿಕ್ಷು ಮತ್ತು ಹಸಿರು ಚಹಾ

ರಾಜಾಜಿನಗರ, ಬಸವೇಶ್ವರನಗರಗಳ ದಿನಸಿ ಅಂಗಡಿಗಳಲ್ಲಿ ಕಾಫಿಪುಡಿಯ ಪಕ್ಕದಲ್ಲೇ ಇಂದು ಗ್ರೀನ್ ಟೀ ಪೊಟ್ಟಣಗಳೂ ದೊರೆಯುತ್ತವೆ. ಕಹಿಯೆಂದು ಮೂಗು ಮುರಿಯುವವರು ಹಲವರು. ಆ ಕಹಿಯಲ್ಲೇ ಗುಣ ಕಂಡವರು ಜಪಾನಿನ ಬೌದ್ಧ ಭಿಕ್ಷು ಐಸಾಯ್.

1141ರಲ್ಲಿ ಜನಿಸಿದ ಐಸಾಯ್ ಟೆಂಡಾಯ್ ಪಂಥದಲ್ಲಿ ದೀಕ್ಷೆ ಪಡೆದರು. 1168ರಲ್ಲಿ ಒಮ್ಮೆ ಚೀನಾಕ್ಕೆ ಹೋಗಿಬಂದರು. 1187ರಲ್ಲಿ ಮತ್ತೆ ಹಡಗು ಹತ್ತಿದಾಗ ಅವರ ಗುರಿ ಬುದ್ಧನ ನಾಡಾದ ಭಾರತವಾಗಿತ್ತು. ಆದರೆ ಚೀನಾದಿಂದ ಮುಂದಕ್ಕೆ ಸಾಗಲು ಅನುಮತಿ ದೊರೆಯಲಿಲ್ಲ. ಅಲ್ಲಿಯೇ ನಿಂತು ಝೆನ್ ಸಾಧನೆಯಲ್ಲಿ ತೊಡಗಿದ ಅವರು 1191ರಲ್ಲಿ ಸ್ವದೇಶಕ್ಕೆ ಮರಳುವಾಗ ಚಹಾ ಬೀಜಗಳನ್ನು ತಂದರೆಂಬುದು ಪ್ರತೀತಿ. ಜಪಾನಿಗೆ ಚಹಾ 9ನೆಯ ಶತಮಾನದಲ್ಲೇ ಬಂದಿತ್ತಾದರೂ ಅದರ ಬಳಕೆ ವ್ಯಾಪಕವಾಗಿರಲಿಲ್ಲ. ಎಲೆಯ ಪುಡಿಯನ್ನು ಬಿಸಿನೀರಿನಲ್ಲಿ ಕಡೆದು ಕುಡಿಯುವ ಪದ್ಧತಿ ಬೇರೂರಿದ್ದು ಅವರ ಬಳಿಕ.

1202ರಲ್ಲಿ ಕ್ಯೋಟೋದಲ್ಲಿ ಕೆನ್ನಿನ್-ಜಿ ಮಠವನ್ನು ಸ್ಥಾಪಿಸಿದ ಐಸಾಯ್, 1211ರಲ್ಲಿ ಚಹಾದ ಕುರಿತು 'ಕಿಸ್ಸಾ ಯೋಜೋಕಿ' ಎಂಬ ಗ್ರಂಥ ರಚಿಸಿದರು. ದೇಹದ ಐದು ಅಂಗಗಳಿಗೆ ಐದು ರುಚಿಗಳು ಬೇಕು, ಹೃದಯಕ್ಕೆ ಬೇಕಾದ ಕಹಿ ಜಪಾನಿಯರ ಊಟದಲ್ಲಿಲ್ಲ, ಆ ಕೊರತೆಯನ್ನು ಚಹಾ ನೀಗುತ್ತದೆ ಎಂಬುದು ಅವರ ವಾದ. ಇಂದಿನ ವೈದ್ಯವಿಜ್ಞಾನ ಅದನ್ನು ಹಾಗೆಯೇ ಒಪ್ಪದು. 1214ರಲ್ಲಿ ಮದ್ಯದ ಅಮಲಿಳಿದು ಬಳಲುತ್ತಿದ್ದ ಷೋಗನ್ ಸಾನೆತೊಮೊಗೆ ಅವರು ಚಹಾ ಕುಡಿಸಿ, ಗ್ರಂಥವನ್ನೂ ಅರ್ಪಿಸಿದರು. ಮರುವರ್ಷ ನಿಧನರಾದರು.

ಯುಗಾದಿಯಂದು ಬೇವು-ಬೆಲ್ಲ ಸವಿಯುವ ನಮಗೆ ಕಹಿಯ ಈ ಮನ್ನಣೆ ಹೊಸದಲ್ಲ. ಕುದಿದ ನೀರನ್ನು ತುಸು ಆರಿಸಿ, ಎಲೆಯನ್ನು ಎರಡು ನಿಮಿಷ ಮಾತ್ರ ನೆನೆಸಿದರೆ ಆ ಕಹಿಯೂ ಹಿತವೆನಿಸುತ್ತದೆ. ಐಸಾಯ್ ಭಾರತವನ್ನು ಕಾಣಲಿಲ್ಲ. ಅವರು ಮೆಚ್ಚಿದ ಪಾನೀಯ ಇಂದು ನಮ್ಮ ಮನೆಗಳನ್ನು ತಲುಪಿದೆ.