ಟಿಕೆಟ್ ಸಿಕ್ಕಿತು, ಪಕ್ಷ ಸಿಗಲಿಲ್ಲ: ವೆಂಡೆಲ್ ವಿಲ್ಕಿ ಎಂಬ ಹೊರಗಿನವರ ಕಥೆ

ಪ್ರತಿ ಚುನಾವಣೆ ಬಂದಾಗಲೂ ನಮ್ಮ ಗೆಳೆಯರ ಗುಂಪಿನಲ್ಲಿ ಒಂದೇ ಮಾತು. ಹೈಕಮಾಂಡ್ ಕಳಿಸಿದ ಹೆಸರುಗಳು ಬೇಡ, ಪಕ್ಷಗಳ ಹೊರಗಿನಿಂದ ಒಬ್ಬ ಒಳ್ಳೆಯ ಮನುಷ್ಯನನ್ನು ನಾವೇ ಹುಡುಕಿ ನಿಲ್ಲಿಸೋಣ ಅಂತ. ಕಳೆದ ಸಲ ನಾನೂ ಅದಕ್ಕಾಗಿ ಓಡಾಡಿದ್ದೆ. ಸಹಿ ಹಾಕಿಸಿದೆ, ಬಾಗಿಲು ತಟ್ಟಿದೆ, ಕರಪತ್ರ ಹಂಚಿದೆ. ಕೊನೆಗೆ ಠೇವಣಿ ಕೂಡ ಉಳಿಯಲಿಲ್ಲ. ಸೋತಿದ್ದಕ್ಕಿಂತ ಹೆಚ್ಚು ಕಾಡಿದ್ದು ಬೇರೆ ಪ್ರಶ್ನೆ. ಒಂದು ವೇಳೆ ಗೆದ್ದಿದ್ದರೆ ಮಾರನೇ ದಿನ ಏನು ಮಾಡ್ತಿದ್ವಿ? ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆ ಪ್ರಶ್ನೆ ತಲೆಯಲ್ಲಿದ್ದಾಗಲೇ ನಾನು ವೆಂಡೆಲ್ ವಿಲ್ಕಿ ಬಗ್ಗೆ ಓದತೊಡಗಿದ್ದು. 1940ರಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ. ಅದಕ್ಕೆ ಮುಂಚೆ ಅವರು ಒಂದು ಸಣ್ಣ ಚುನಾಯಿತ ಹುದ್ದೆಯನ್ನೂ ಹಿಡಿದವರಲ್ಲ. ಸೇನೆಯಲ್ಲಿ ಹೆಸರು ಮಾಡಿದ ಜನರಲ್ ಕೂಡ ಅಲ್ಲ. ಅಷ್ಟೇ ಅಲ್ಲ, ತೀರಾ ಇತ್ತೀಚಿನವರೆಗೂ ಅವರು ಎದುರಾಳಿ ಡೆಮಾಕ್ರಟಿಕ್ ಪಕ್ಷದವರು. 1932ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೇ ವೋಟು ಹಾಕಿದ್ದರು. ಅಂಥವರನ್ನು ತಂದು ಅದೇ ರೂಸ್‌ವೆಲ್ಟ್ ಎದುರು ನಿಲ್ಲಿಸಿದ್ದು ಪಕ್ಷದ ನಾಯಕರಲ್ಲ, ಹೊರಗಿನ ಹವ್ಯಾಸಿಗಳು.

ವಿಲ್ಕಿ ಹುಟ್ಟಿದ್ದು 1892ರ ಫೆಬ್ರವರಿ 18ರಂದು, ಇಂಡಿಯಾನಾ ರಾಜ್ಯದ ಎಲ್‌ವುಡ್ ಎಂಬ ಸಣ್ಣ ಪಟ್ಟಣದಲ್ಲಿ. ಜರ್ಮನಿಯಿಂದ ವಲಸೆ ಬಂದ ಕುಟುಂಬ. ಅಪ್ಪ ವಕೀಲರು, ಅಮ್ಮ ಹೆನ್ರಿಯೆಟ್ಟಾ ಕೂಡ ವಕೀಲೆ. ಇಂಡಿಯಾನಾದಲ್ಲಿ ವಕೀಲಿಕೆಗೆ ಕಾಲಿಟ್ಟ ಮೊದಲ ಕೆಲವೇ ಹೆಂಗಸರಲ್ಲಿ ಅವರೊಬ್ಬರು. ಆರು ಮಕ್ಕಳ ಆ ಮನೆಯಲ್ಲಿ ಪುಸ್ತಕಕ್ಕೂ ವಾದಕ್ಕೂ ಕೊರತೆ ಇರಲಿಲ್ಲ. ಕಾಲೇಜಿನಲ್ಲಿ ವಿಲ್ಕಿಗೆ ಸಮಾಜವಾದದ ಗೀಳು. ಅವರ ನಿಜವಾದ ಹೆಸರು ಲೂಯಿಸ್ ವೆಂಡೆಲ್. ಮೊದಲ ಮಹಾಯುದ್ಧಕ್ಕೆ ಸೇರಿದಾಗ ಸೇನೆಯ ಕಡತದಲ್ಲಿ ಹೆಸರು ಹಿಂದುಮುಂದಾಯಿತು. ಅವರು ಅದನ್ನೇ ಇಟ್ಟುಕೊಂಡರು.

ಯುದ್ಧ ಮುಗಿದ ಮೇಲೆ ಓಹಾಯೋದ ಏಕ್ರನ್ ನಗರದಲ್ಲಿ ವಕೀಲಿಕೆ. ಆಗ ಆ ಊರಿನಲ್ಲಿ ಕು ಕ್ಲಕ್ಸ್ ಕ್ಲಾನ್ ಜೋರಾಗಿತ್ತು. ಕರಿಯರ ಮೇಲೆ ಮಾತ್ರವಲ್ಲ, ಕ್ಯಾಥೊಲಿಕರು, ಯಹೂದಿಗಳ ಮೇಲೂ ಅದರ ದ್ವೇಷ. ವಿಲ್ಕಿ ಊರಲ್ಲೇ ನಿಂತು ಅದನ್ನು ಎದುರಿಸಿದರು. 1924ರ ಡೆಮಾಕ್ರಟಿಕ್ ಸಮಾವೇಶಕ್ಕೆ ಪ್ರತಿನಿಧಿಯಾಗಿ ಹೋದಾಗ, ಕ್ಲಾನ್ ಅನ್ನು ಹೆಸರು ಹಿಡಿದು ಖಂಡಿಸಬೇಕು ಅನ್ನುವವರ ಜೊತೆ ಇದ್ದರು. ಆ ಠರಾವು ಕೂದಲೆಳೆ ಅಂತರದಲ್ಲಿ ಬಿದ್ದುಹೋಯಿತು. ಇದನ್ನು ಇಲ್ಲಿ ಹೇಳ್ತಿರೋದಕ್ಕೆ ಕಾರಣ ಇದೆ. ಆಮೇಲಿನ ವಿಲ್ಕಿಯನ್ನು ನೋಡಿದರೆ ಬರೀ ಕಂಪನಿ ಮನುಷ್ಯ ಅನ್ನಿಸುತ್ತೆ.

1929ರಲ್ಲಿ ನ್ಯೂಯಾರ್ಕಿಗೆ ಬಂದರು. 1933ರಲ್ಲಿ ಕಾಮನ್‌ವೆಲ್ತ್ ಅಂಡ್ ಸದರ್ನ್ ಎಂಬ ದೊಡ್ಡ ವಿದ್ಯುತ್ ಕಂಪನಿಯ ಅಧ್ಯಕ್ಷರಾದರು. ಅದೇ ವರ್ಷ ರೂಸ್‌ವೆಲ್ಟ್ ಸರ್ಕಾರ ಟೆನೆಸ್ಸಿ ಕಣಿವೆ ಪ್ರಾಧಿಕಾರ ಸ್ಥಾಪಿಸಿ, ಅಣೆಕಟ್ಟು ಕಟ್ಟಿ, ಕಡಿಮೆ ಬೆಲೆಗೆ ಕರೆಂಟು ಕೊಡಲು ಹೊರಟಿತು. ವಿಲ್ಕಿ ಆರು ವರ್ಷ ಕೋರ್ಟಿನಲ್ಲಿ, ಪತ್ರಿಕೆಗಳಲ್ಲಿ, ರೇಡಿಯೊದಲ್ಲಿ ಅದರ ವಿರುದ್ಧ ಹೋರಾಡಿ ಸೋತರು. 1939ರಲ್ಲಿ ಟೆನೆಸ್ಸಿಯ ಆಸ್ತಿಯನ್ನು ಸುಮಾರು 7 ಕೋಟಿ 86 ಲಕ್ಷ ಡಾಲರಿಗೆ ಸರ್ಕಾರದ ಕಡೆಗೆ ಮಾರಿದರು. ಈ ಜಗಳದಲ್ಲಿ ನನ್ನ ವೋಟು ಸರ್ಕಾರಕ್ಕೇ. ಲಾಭ ಬರಲ್ಲ ಅಂತ ಕಂಪನಿಗಳು ತಂತಿ ಎಳೆಯದೆ ಬಿಟ್ಟ ಹಳ್ಳಿಗಳಿಗೆ ದೀಪ ಬಂದಿದ್ದು ಸಾರ್ವಜನಿಕ ವಿದ್ಯುತ್ತಿನಿಂದ. ಆದರೆ ಸೋಲುವ ಪಕ್ಷದ ವಕೀಲ ಇಡೀ ದೇಶಕ್ಕೆ ಪರಿಚಯವಾಗಿಬಿಟ್ಟರು. 1938ರ ಜನವರಿಯಲ್ಲಿ ರೇಡಿಯೊ ಚರ್ಚೆಯೊಂದರಲ್ಲಿ ಸರ್ಕಾರದ ಬುದ್ಧಿವಂತ ವಕೀಲ ರಾಬರ್ಟ್ ಜಾಕ್ಸನ್ ಅವರನ್ನು ಮಾತಿನಲ್ಲಿ ಮಣಿಸಿದ ಮೇಲಂತೂ, ಈ ಮನುಷ್ಯ ಯಾರು ಅಂತ ಜನ ಕೇಳತೊಡಗಿದರು. ಕೆದರಿದ ಕೂದಲು, ಮುದುಡಿದ ಕೋಟು, ಊರ ಕಡೆಯ ಮಾತಿನ ಧಾಟಿ. ಕಂಪನಿ ಅಧ್ಯಕ್ಷರಂತೆ ಕಾಣುತ್ತಿರಲಿಲ್ಲ.

ಈಗ 1940ಕ್ಕೆ ಬರೋಣ. ರಿಪಬ್ಲಿಕನ್ ಪಕ್ಷದಲ್ಲಿ ಟಿಕೆಟ್ ಆಕಾಂಕ್ಷಿಗಳು ಮುಖ್ಯವಾಗಿ ಮೂವರು. ನ್ಯೂಯಾರ್ಕಿನ 38 ವರ್ಷದ ಸರ್ಕಾರಿ ವಕೀಲ ಥಾಮಸ್ ಡ್ಯೂಯಿ, ಓಹಾಯೋದ ಸೆನೆಟರ್ ರಾಬರ್ಟ್ ಟಾಫ್ಟ್, ಮಿಷಿಗನ್ನಿನ ಸೆನೆಟರ್ ಆರ್ಥರ್ ವ್ಯಾಂಡೆನ್‌ಬರ್ಗ್. ಯುರೋಪಿನ ಯುದ್ಧ ನಮ್ಮದಲ್ಲ ಅನ್ನುವುದೇ ಹೆಚ್ಚುಕಡಿಮೆ ಮೂವರ ನಿಲುವು. ಏಪ್ರಿಲ್‌ನಲ್ಲಿ ಫಾರ್ಚೂನ್ ಪತ್ರಿಕೆಯಲ್ಲಿ ವಿಲ್ಕಿಯ ಲೇಖನವೊಂದು ಬಂತು. ಅದನ್ನು ಓದಿದ 28 ವರ್ಷದ ಯುವ ವಕೀಲ ಓರೆನ್ ರೂಟ್, ಸ್ವಂತ ಖರ್ಚಿನಲ್ಲಿ ಸಹಿ ಹಾಳೆಗಳನ್ನು ಅಚ್ಚು ಹಾಕಿಸಿ, ಕಾಲೇಜುಗಳ ಹಳೆ ವಿದ್ಯಾರ್ಥಿಗಳ ಪಟ್ಟಿ ಹಿಡಿದು ಅಂಚೆಗೆ ಹಾಕಿದರು. ವಿಲ್ಕಿಯನ್ನು ಅವರು ಅಲ್ಲಿಯವರೆಗೆ ಭೇಟಿಯೇ ಆಗಿರಲಿಲ್ಲ! ವಾಪಸ್ ಬಂದ ಸಹಿಗಳು, ಕರೆಗಳು ಎಷ್ಟಿದ್ದವು ಅಂದರೆ, ರೂಟ್ ಕೆಲಸ ಮಾಡ್ತಿದ್ದ ಕಚೇರಿಯ ಫೋನ್ ಲೈನುಗಳು ಕಟ್ಟಿಕೊಂಡವು. ಅವರು ರಜೆ ಹಾಕಿ ಇದೇ ಕೆಲಸಕ್ಕೆ ಇಳಿದರು. ಕೆಲವೇ ವಾರಗಳಲ್ಲಿ ದೇಶದ ತುಂಬ ನೂರಾರು ವಿಲ್ಕಿ ಕ್ಲಬ್‌ಗಳು.

ಮೇ ಮೊದಲ ವಾರದ ಗ್ಯಾಲಪ್ ಸಮೀಕ್ಷೆಯಲ್ಲಿ ಡ್ಯೂಯಿಗೆ ಶೇ. 67, ವಿಲ್ಕಿಗೆ ಶೇ. 3. ಅದೇ ತಿಂಗಳು ಹಿಟ್ಲರ್ ಸೇನೆ ಫ್ರಾನ್ಸಿಗೆ ನುಗ್ಗಿತು. ಜೂನ್ 22ರಂದು ಫ್ರಾನ್ಸ್ ಶರಣಾಯಿತು. ಎರಡು ದಿನ ಬಿಟ್ಟು ಫಿಲಡೆಲ್ಫಿಯಾದಲ್ಲಿ ರಿಪಬ್ಲಿಕನ್ ಸಮಾವೇಶ ಶುರು. ಬ್ರಿಟನ್ನಿಗೆ ನೆರವು ಕೊಡಲೇಬೇಕು ಅಂತ ಬಿಚ್ಚಿ ಹೇಳುತ್ತಿದ್ದವರು ಆ ಕಣದಲ್ಲಿ ವಿಲ್ಕಿ. ಒಂದು ತಿಂಗಳ ಹಿಂದೆ ಹುಚ್ಚಾಟದಂತೆ ಕಂಡಿದ್ದು ಈಗ ವಿವೇಕದಂತೆ ಕಾಣತೊಡಗಿತು.

ಗೆಲ್ಲಲು 1,000 ಪ್ರತಿನಿಧಿಗಳಲ್ಲಿ 501 ಬೇಕಿತ್ತು. ಮೊದಲ ಸುತ್ತಿನಲ್ಲಿ ಡ್ಯೂಯಿಗೆ 360, ಟಾಫ್ಟ್‌ಗೆ 189, ವಿಲ್ಕಿಗೆ 105. ಮೇಲೆ ಗ್ಯಾಲರಿಯಲ್ಲಿ ತುಂಬಿದ್ದ ಜನ ಮಾತ್ರ ವಿಲ್ಕಿ ಬೇಕು ಅಂತ ಒಂದೇ ಸಮ ಕೂಗುತ್ತಿದ್ದರು. ಪ್ರತಿನಿಧಿಗಳ ಕೋಣೆಗಳಲ್ಲಿ ತಂತಿಗಳ ರಾಶಿ. ಮಿನೆಸೋಟಾದ 33 ವರ್ಷದ ಗವರ್ನರ್ ಹೆರಾಲ್ಡ್ ಸ್ಟಾಸೆನ್ ಕೆಳಗೆ ಸಭಾಂಗಣದಲ್ಲಿ ಒಬ್ಬೊಬ್ಬರನ್ನೇ ಒಲಿಸುತ್ತಿದ್ದರು. ಡ್ಯೂಯಿಯ ಮತಗಳು ಸುತ್ತು ಸುತ್ತಿಗೂ ಕರಗಿದವು. ಐದನೇ ಸುತ್ತಿನಲ್ಲಿ ವಿಲ್ಕಿ 429, ಟಾಫ್ಟ್ 377. ಮಧ್ಯರಾತ್ರಿ ದಾಟಿದ ಮೇಲೆ, ಆರನೇ ಸುತ್ತಿನಲ್ಲಿ, ಕೆಲಸ ಮುಗಿಯಿತು. ಶೇ. 3ರಿಂದ ಟಿಕೆಟ್‌ವರೆಗೆ ಏಳು ವಾರ.

ಓದುವಾಗ ನನಗೆ ರೋಮಾಂಚನ ಆಗಿದ್ದು ನಿಜ. ಆದರೆ ಇನ್ನೊಮ್ಮೆ ನಿಧಾನವಾಗಿ ಓದಿದೆ. ಆ ಗ್ಯಾಲರಿಯ ಟಿಕೆಟ್ ಹಂಚಿದ್ದು ಯಾರು? ಸಮಾವೇಶದ ವ್ಯವಸ್ಥೆ ನೋಡಬೇಕಿದ್ದ ಟಾಫ್ಟ್ ಕಡೆಯವರು ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಆ ಜಾಗಕ್ಕೆ ಬಂದ ಸ್ಯಾಮ್ ಪ್ರಯರ್ ವಿಲ್ಕಿ ಪರ. ಪ್ರವೇಶ ಚೀಟಿಗಳು ವಿಲ್ಕಿ ಬೆಂಬಲಿಗರ ಕೈಗೆ ಹೋದವು. ಮೊದಲು ಲೇಖನ ಹಾಕಿದ ಫಾರ್ಚೂನ್, ಜೊತೆಗೆ ಟೈಮ್, ಲೈಫ್ ಮೂರೂ ಹೆನ್ರಿ ಲೂಸ್ ಎಂಬ ಒಬ್ಬರೇ ಮಾಲೀಕರವು. ಫಾರ್ಚೂನಿನ ಸಂಪಾದಕ ರಸೆಲ್ ಡ್ಯಾವನ್‌ಪೋರ್ಟ್ ಕೆಲಸ ಬಿಟ್ಟು ವಿಲ್ಕಿ ಜೊತೆ ಸೇರಿಕೊಂಡರು. ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯೂ ಬೆನ್ನಿಗಿತ್ತು. ಅದರ ಪುಸ್ತಕ ವಿಭಾಗದ ಸಂಪಾದಕಿ ಇರಿಟಾ ವ್ಯಾನ್ ಡೋರೆನ್ ವಿಲ್ಕಿಗೆ ತುಂಬ ಆಪ್ತರು, ಓದಿನ ಲೋಕವನ್ನು ತೋರಿಸಿದವರು. ರೂಟ್ ಕಾಗದ ಹಾಕಿದ್ದಾದರೂ ಯಾರಿಗೆ? ಪ್ರಿನ್ಸ್‌ಟನ್, ಯೇಲ್‌ನಲ್ಲಿ ಓದಿದವರಿಗೆ. ಗಣಿ ಕಾರ್ಮಿಕರಿಗಲ್ಲ, ಹತ್ತಿ ಬಿಡಿಸುವವರಿಗಲ್ಲ.

ಹಾಗಂತ ಎಲ್ಲವೂ ನಾಟಕ ಅಂದುಬಿಟ್ಟರೆ ಅದೂ ಸುಳ್ಳು. ಆ ಕ್ಲಬ್‌ಗಳಲ್ಲಿ ದುಡಿದ ಸಾವಿರಾರು ಜನ ಹಿಂದೆಂದೂ ರಾಜಕೀಯ ಮಾಡಿದವರಲ್ಲ, ಸಂಬಳಕ್ಕೆ ಬಂದವರೂ ಅಲ್ಲ. ಇನ್ನೊಂದು ವಿಷಯ ಗಮನಿಸಿ. ವಿಲ್ಕಿ ಆ ವರ್ಷ ಒಂದೇ ಒಂದು ಪ್ರೈಮರಿ ಚುನಾವಣೆಗೂ ನಿಂತಿರಲಿಲ್ಲ. ಪ್ರೈಮರಿಗಳಲ್ಲಿ ಪಕ್ಷದ ಸಾಮಾನ್ಯ ಮತದಾರರ ವೋಟು ಗೆದ್ದು ಬಂದಿದ್ದು ಡ್ಯೂಯಿ. ಜನರ ಅಭ್ಯರ್ಥಿ ಅನ್ನಿಸಿಕೊಂಡವರು ಪಕ್ಷದೊಳಗಿನ ಜನರ ಮುಂದೆ ಹೋಗೇ ಇರಲಿಲ್ಲ. ಈ ಸಾಲ ನಾಲ್ಕು ವರ್ಷ ಬಿಟ್ಟು ವಸೂಲಿಗೆ ಬಂತು.

ಟಿಕೆಟ್ ಸಿಕ್ಕ ಕ್ಷಣದಿಂದಲೇ ತಿಕ್ಕಾಟ. ಒಪ್ಪಿಗೆ ಹೇಳಲು ಸಮಾವೇಶಕ್ಕೆ ಬಂದ ವಿಲ್ಕಿ, ಎದುರಿಗಿದ್ದವರನ್ನು ನಾವು ಅನ್ನುವ ಬದಲು ನೀವು ರಿಪಬ್ಲಿಕನ್ನರು ಅಂತ ಕರೆದುಬಿಟ್ಟರು. ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು ಸೆನೆಟರ್ ಚಾರ್ಲ್ಸ್ ಮೆಕ್‌ನ್ಯಾರಿ. ಇವರು ಸಾರ್ವಜನಿಕ ವಿದ್ಯುತ್ತಿನ ಪರ ಇದ್ದವರು, ಸಮಾವೇಶದಲ್ಲಿ ವಿಲ್ಕಿಗೆ ಟಿಕೆಟ್ ತಪ್ಪಿಸಲು ನೋಡಿದವರು. ಊರೂರಲ್ಲಿ ಕ್ಲಬ್‌ನವರದೇ ಒಂದು ಕಚೇರಿ, ಪಕ್ಷದವರದೇ ಇನ್ನೊಂದು. ಇಪ್ಪತ್ತು ವರ್ಷ ಬೂತ್ ಕೆಲಸ ಮಾಡಿದವರಿಗೆ, ನಿನ್ನೆ ಬಂದ ಕಾಲೇಜು ಹುಡುಗರು ಪಾಠ ಹೇಳಿದರೆ ಹೇಗಿರುತ್ತೆ? ಅದನ್ನು ನಾನು ನಮ್ಮ ಊರಿನಲ್ಲೇ ನೋಡಿದ್ದೀನಿ. ಪಾಠ ಹೇಳಿದವರ ಸಾಲಿನಲ್ಲಿ ನಾನೂ ಇದ್ದೆ.

ವಿಲ್ಕಿ ರೈಲು ಹತ್ತಿ ಸುಮಾರು 30 ರಾಜ್ಯ ಸುತ್ತಿದರು, 500ಕ್ಕೂ ಹೆಚ್ಚು ಭಾಷಣ ಮಾಡಿದರು. ಶುರುವಿನಲ್ಲೇ ಗಂಟಲು ಹೋಯಿತು. ಕಾರ್ಮಿಕ ಪ್ರದೇಶಗಳಲ್ಲಿ ಮೊಟ್ಟೆ, ಟೊಮ್ಯಾಟೊ ಬಿದ್ದವು. ಆದರೂ ಯುವಕರ ಕಡ್ಡಾಯ ಸೇನಾ ಭರ್ತಿ ಮಸೂದೆಯನ್ನು ವಿರೋಧಿಸಿ ಸುಲಭವಾಗಿ ವೋಟು ಗಿಟ್ಟಿಸಬಹುದಿದ್ದಾಗ ಅವರು ಅದನ್ನು ಬೆಂಬಲಿಸಿದರು. ಕೊನೆಯ ವಾರಗಳಲ್ಲಿ ಮಾತ್ರ ಜಾರಿದರು. ಹಿಂದೆ ಬಿದ್ದಿದ್ದೇವೆ ಅನ್ನಿಸಿ, ಪಕ್ಷದವರ ಒತ್ತಡವೂ ಸೇರಿ, ರೂಸ್‌ವೆಲ್ಟ್ ದೇಶವನ್ನು ಯುದ್ಧಕ್ಕೆ ತಳ್ಳುತ್ತಾರೆ ಅಂತ ಹೆದರಿಸತೊಡಗಿದರು. ಮುಂದೆ ಅದು ಬರೀ ಪ್ರಚಾರದ ಮಾತಾಗಿತ್ತು ಅಂತ ಸೆನೆಟ್ ಸಮಿತಿ ಎದುರು ತಾವೇ ಒಪ್ಪಿಕೊಂಡರು. ನವೆಂಬರ್ 5ರಂದು 2 ಕೋಟಿ 23 ಲಕ್ಷ ಮತ ಬಂತು. ಅಲ್ಲಿಯವರೆಗೆ ಯಾವ ರಿಪಬ್ಲಿಕನ್ನರಿಗೂ ಅಷ್ಟು ಬಂದಿರಲಿಲ್ಲ. ಗೆದ್ದಿದ್ದು ಮಾತ್ರ 10 ರಾಜ್ಯ, 82 ಎಲೆಕ್ಟರುಗಳು. ರೂಸ್‌ವೆಲ್ಟ್‌ಗೆ 449.

ಆರು ದಿನ ಬಿಟ್ಟು ವಿಲ್ಕಿ ರೇಡಿಯೊದಲ್ಲಿ ಮಾತಾಡಿ, ಕ್ಲಬ್‌ಗಳು ಉಳಿಯಲಿ, ಆದರೆ ತನ್ನ ಹೆಸರಿನಲ್ಲಿ ಬೇಡ ಅಂದರು. ದೊಡ್ಡ ಮನಸ್ಸಿನ ಮಾತು. ಆದರೆ ಆ ಕ್ಲಬ್‌ಗಳಿಗೆ ಆ ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಒಂದು ಕಾರ್ಯಕ್ರಮ ಇರಲಿಲ್ಲ, ಪಕ್ಷದ ಜಿಲ್ಲಾ ಸಮಿತಿಗಳಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಕರಗಿದವು.

ವಿಲ್ಕಿ ಮಾತ್ರ ಸೋತ ಮೇಲೆಯೇ ಎತ್ತರಕ್ಕೆ ಬೆಳೆದರು. 1941ರ ಫೆಬ್ರವರಿಯಲ್ಲಿ ಬ್ರಿಟನ್ನಿಗೆ ಶಸ್ತ್ರಾಸ್ತ್ರ ನೆರವು ಕೊಡುವ ಮಸೂದೆ ಬಂದಾಗ, ಸ್ವಂತ ಪಕ್ಷದ ಬಹುಪಾಲು ಸದಸ್ಯರು ವಿರುದ್ಧ ಇದ್ದರೂ ಅದರ ಪರ ಸಾಕ್ಷಿ ನುಡಿದರು. ಕಮ್ಯುನಿಸ್ಟ್ ಅನ್ನುವ ಕಾರಣಕ್ಕೆ ಪೌರತ್ವ ಕಳೆದುಕೊಳ್ಳಲಿದ್ದ ವಿಲಿಯಂ ಷ್ನೈಡರ್‌ಮನ್ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ಬಿಟ್ಟಿಯಾಗಿ ವಾದಿಸಿ, 1943ರಲ್ಲಿ ಗೆದ್ದರು. ಕಂಪನಿ ವಕೀಲರೊಬ್ಬರು, ಮತ್ತೆ ಟಿಕೆಟ್ ಬೇಕಿದ್ದವರು, ಕಮ್ಯುನಿಸ್ಟನ ಪೌರತ್ವಕ್ಕಾಗಿ ನಿಲ್ಲೋದು ಅಂದರೆ ಸಣ್ಣ ಮಾತಲ್ಲ. ಕರಿಯರ ಹಕ್ಕುಗಳಿಗೆ ಅವರಷ್ಟು ಗಟ್ಟಿಯಾಗಿ ದನಿ ಎತ್ತಿದ ದೊಡ್ಡ ನಾಯಕರು ಆ ಹೊತ್ತಿನಲ್ಲಿ ಎರಡೂ ಪಕ್ಷಗಳಲ್ಲಿ ಕಡಿಮೆ.

1942ರಲ್ಲಿ 49 ದಿನ, ಸುಮಾರು 31,000 ಮೈಲಿ, ವಿಮಾನದಲ್ಲಿ ಲೋಕ ಸುತ್ತಿದರು. ಈಜಿಪ್ಟ್, ಟರ್ಕಿ, ಸೋವಿಯತ್ ರಷ್ಯಾ, ಚೀನಾ. ಭಾರತಕ್ಕೆ ಬರಲಿಲ್ಲ. ಗಾಂಧಿ, ನೆಹರು ಜೈಲಿನಲ್ಲಿದ್ದ ದಿನಗಳವು. ನಮ್ಮ ಶಿವಮೊಗ್ಗ ಜಿಲ್ಲೆಯ ಈಸೂರಿನ ಜನ ಸ್ವತಂತ್ರರೆಂದು ಸಾರಿಕೊಂಡಿದ್ದೂ ಅದೇ ಸೆಪ್ಟೆಂಬರಿನಲ್ಲಿ. ಕಾಲಿಡದ ಭಾರತ ವಿಲ್ಕಿಯನ್ನು ದಾರಿಯುದ್ದಕ್ಕೂ ಹಿಂಬಾಲಿಸಿತು. ಕೈರೋದಿಂದ ಮುಂದಕ್ಕೆ ಹೋದಲ್ಲೆಲ್ಲ ಭಾರತದ ಸ್ವಾತಂತ್ರ್ಯದ ಪ್ರಶ್ನೆ ಎದುರಾಯಿತು, ಅಮೆರಿಕ ಅದರ ಬಗ್ಗೆ ಬಾಯಿ ಬಿಡದಿದ್ದರಿಂದ ಏಷ್ಯಾದಲ್ಲಿ ಅಮೆರಿಕದ್ದೇ ಮರ್ಯಾದೆ ಹೋಯಿತು ಅನ್ನುವುದನ್ನು 1943ರ ತಮ್ಮ ಒನ್ ವರ್ಲ್ಡ್ ಪುಸ್ತಕದಲ್ಲಿ ಬರೆದರು. ಸಾಮ್ರಾಜ್ಯಗಳ ಕಾಲ ಮುಗಿಯಿತು ಅಂತ ಹೇಳುವ ಆ ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಪಕ್ಷದ ಹಳಬರಿಗೆ ಇದು ಕೊನೆಯ ಹುಲ್ಲುಕಡ್ಡಿ. ಅಲ್ಲಿಂದಾಚೆ ಅವರ ಪಾಲಿಗೆ ವಿಲ್ಕಿ ರೂಸ್‌ವೆಲ್ಟ್ ಕಡೆಯ ಮನುಷ್ಯ.

1944. ಈ ಸಲ ವಿಲ್ಕಿ ಮುಂಬಾಗಿಲಿನಿಂದಲೇ ಹೋಗಲು ತೀರ್ಮಾನಿಸಿ ವಿಸ್ಕಾನ್ಸಿನ್ ಪ್ರೈಮರಿಗೆ ಇಳಿದರು. ಯುದ್ಧದ ಬಗ್ಗೆ ಅವರ ಮಾತು ರುಚಿಸದ ರಾಜ್ಯ ಅದು. ಗೊತ್ತಿದ್ದೇ ಆರಿಸಿಕೊಂಡರು. ವಾರಗಟ್ಟಲೆ ಊರೂರು ಅಲೆದು ಮಾತಾಡಿದರು. ಎದುರಾಳಿ ಡ್ಯೂಯಿ ಆ ರಾಜ್ಯಕ್ಕೆ ಕಾಲೇ ಇಡಲಿಲ್ಲ. ಏಪ್ರಿಲ್ ಮೊದಲ ವಾರ ಫಲಿತಾಂಶ ಬಂದಾಗ ವಿಲ್ಕಿಗೆ ಸಿಕ್ಕ ಪ್ರತಿನಿಧಿಗಳು ಸೊನ್ನೆ. ಮಾರನೇ ದಿನವೇ ಕಣದಿಂದ ಹಿಂದೆ ಸರಿದರು. ಅವರ ಪರ ಗ್ಯಾಲರಿ ತುಂಬಿಸಿದ್ದ ಪಕ್ಷ, ಆ ವರ್ಷದ ಷಿಕಾಗೊ ಸಮಾವೇಶದಲ್ಲಿ ಮಾತಾಡಲು ಅವರನ್ನು ಕರೆಯಲೂ ಇಲ್ಲ.

ಆ ಜುಲೈನಲ್ಲಿ ರೂಸ್‌ವೆಲ್ಟ್ ತಮ್ಮ ಆಪ್ತ ಸ್ಯಾಮ್ಯುಯೆಲ್ ರೋಸೆನ್‌ಮನ್ ಅವರನ್ನು ಗುಟ್ಟಾಗಿ ವಿಲ್ಕಿ ಬಳಿಗೆ ಕಳಿಸಿದರು. ಎರಡೂ ಪಕ್ಷಗಳ ಉದಾರವಾದಿಗಳು ಒಂದೆಡೆ ಸೇರಿ ಹೊಸ ಪಕ್ಷ ಕಟ್ಟಬಹುದೇ ಅನ್ನೋದು ಪ್ರಸ್ತಾಪ. ನ್ಯೂಯಾರ್ಕಿನ ಹೋಟೆಲಿನಲ್ಲಿ ಎರಡು ತಾಸು ಮಾತಾಯಿತು. ವಿಲ್ಕಿಗೆ ಆಸಕ್ತಿ ಇತ್ತು, ಆದರೆ ನವೆಂಬರ್ ಚುನಾವಣೆ ಮುಗಿಯಲಿ, ಆಮೇಲೆ ಕೂತು ನೋಡೋಣ ಅಂದರು. ಅಷ್ಟರಲ್ಲಿ ಹೃದಯ ಕೈಕೊಟ್ಟಿತು. ಅಕ್ಟೋಬರ್ 8ರಂದು ತೀರಿಕೊಂಡಾಗ ಅವರಿಗೆ 52 ವರ್ಷ. ಯಾರಿಗೆ ಬೆಂಬಲ ಅಂತ ಕೊನೆಯವರೆಗೂ ಹೇಳಲಿಲ್ಲ. ಮೆಕ್‌ನ್ಯಾರಿ ಅದೇ ವರ್ಷ ಫೆಬ್ರವರಿಯಲ್ಲೇ ಹೋಗಿದ್ದರು. ಅಂದರೆ 1940ರಲ್ಲಿ ಇಬ್ಬರೂ ಗೆದ್ದಿದ್ದರೆ, ಅವಧಿ ಮುಗಿಯುವ ಮುಂಚೆ ಅಧ್ಯಕ್ಷರೂ ಇಲ್ಲ, ಉಪಾಧ್ಯಕ್ಷರೂ ಇಲ್ಲ. ವಿಲ್ಕಿಯನ್ನು ಮಣ್ಣು ಮಾಡಿದ್ದು ಇಂಡಿಯಾನಾದ ರಷ್‌ವಿಲ್‌ನಲ್ಲಿ, ಹೆಂಡತಿ ಈಡಿತ್ ಅವರ ತವರೂರಿನಲ್ಲಿ.